ಬೀಗತಿಯ ಪಾಲಿನ ಖಾಲಿ ಗೆರೆ

ನಿಜ ಹೇಳಿ, ನಿಮ್ಮ ಸೊಸೆ ದಿನವಿಡೀ ಐದು ಗೆರೆಗಳ ಮೇಲೆ ಕಪ್ಪು ಇರುವೆಗಳನ್ನು ಒಂದೊಂದಾಗಿ ಕೂರಿಸುತ್ತ, ನಡುನಡುವೆ ತಲೆಯೆತ್ತಿ ನಿಮ್ಮ ಬಾಯಿಯನ್ನೇ ನೋಡುತ್ತಿದ್ದರೆ ನೀವು ಸುಮ್ಮನೆ ಇರುತ್ತಿದ್ದಿರೇನು? ಇರುತ್ತಿದ್ದೆವು ಅಂದರೆ ನಾನು ನಂಬುವುದಿಲ್ಲ. ನಂಬದಿರುವುದು ನನಗೆ ಮೊದಲಿನಿಂದಲೂ ರೂಢಿ.

ನಾರಾಯಣಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಮಗ್ಗ, ಒಳಕೋಣೆಯಲ್ಲಿ ಸೊಸೆಯ ಲ್ಯಾಪ್‌ಟಾಪು. ಮಗ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಲಟಕ್ ಪಟಕ್, ಸೊಸೆ ಮಂಚದ ಮೇಲೆ ಕೂತರೆ ಟಿಕ್ ಟಿಕ್. ನಡುವಿನ ಗೋಡೆಗೆ ಬೆನ್ನು ಕೊಟ್ಟು ಕಂಡಿಕೆಗೆ ನೂಲು ಸುತ್ತುವವಳು ನಾನು. ಆ ಜಾಗ ನಾನೇ ಆರಿಸಿಕೊಂಡಿದ್ದು. ಅಲ್ಲಿ ಕೂತರೆ ಎರಡೂ ಕಡೆಯ ಮಾತು ಕೇಳಿಸುತ್ತದೆ.

ಸೊಸೆ ಗದ್ವಾಲದವಳು. ಬರುವಾಗಲೇ ಹಾರ್ಮೋನಿಯಂ ಬಾರಿಸಲು ಕಲಿತು ಬಂದವಳು. ಪುಸ್ತಕಗಳಲ್ಲಿ ಹಾಡಿನ ಸ್ವರ ಅಚ್ಚು ಹಾಕುತ್ತಾರಲ್ಲ, ಆ ಪುಟಗಳನ್ನು ಕಂಪ್ಯೂಟರಿನಲ್ಲಿ ಕೂರಿಸಿಕೊಡುವುದು ಅವಳ ಕೆಲಸ. ಬಹಳ ಕಾಲ ಬೇರೆಯವರು ಕೂರಿಸಿದ ಪುಟದ ತಪ್ಪು ತಿದ್ದುತ್ತಿದ್ದಳು. ಈ ಸಲ ಹೈದರಾಬಾದಿನ ಒಬ್ಬ ಮೇಡಂ ಈ ಗಡಿ ಭಾಗದ ಹೆಂಗಸರ ಹಾಡುಗಳ ಪುಸ್ತಕವೊಂದನ್ನು ಪೂರ್ತಿ ಇವಳ ಕೈಗೇ ಕೊಟ್ಟಿದ್ದರು. ಅವತ್ತು ಸೊಸೆ ಸಜ್ಜಕ ಮಾಡಿದಳು. ಸಜ್ಜಕ ತಿನ್ನುವಾಗಲೇ ನನಗೆ ಶಕ್ ಬಂತು. ಹಬ್ಬವಿಲ್ಲದೆ ಸಿಹಿ ಮಾಡಿದರೆ ಹಿಂದೆ ಏನೋ ಕೇಳುವುದಿರುತ್ತದೆ.

ಕೇಳಿಯೇ ಕೇಳಿದಳು.

"ಅತ್ತಿ, ನೀವು ನಮ್ಮ ಲಗ್ನದಾಗ ಬೀಗರ ಹಾಡು ಹಾಡಿದ್ರಲ್ಲ, ಅದನ್ನ ಒಂದೀಟು ಈ ಫೋನಿನ ಮುಂದ ಹಾಡ್ರಿ."

"ಯಾಕ? ಹಳೇ ಸಿಟ್ಟಿಗಿ ಸಾಕ್ಷಿ ಬೇಕಾತೇನು?"

"ಪುಸ್ತಕಕ್ಕ ಅತ್ತಿ. ನೀವು ಹಾಡಿದ್ದು ನಾ ಈ ಗೆರಿ ಮ್ಯಾಲ ಕೂರಸ್ತೀನಿ. ಮ್ಯಾಲ ಕುಂತಿದ್ದು ಏರಿದ ದನಿ, ಕೆಳಗ ಕುಂತಿದ್ದು ಇಳಿದ ದನಿ. ಇದನ್ನ ಓದಾಕ ಬರೋರು ನಿಮ್ಮ ದನಿ ಕೇಳದೇನ ನಿಮ್ಮ ಹಾಡು ಹಾಡ್ತಾರ."

ನನ್ನ ದನಿ ಕೇಳದೆಯೇ ಹಾಡುವುದಾದರೆ ನನ್ನದೇನು ಉಳಿಯಿತು ಎಂದು ಯೋಚನೆ ಬಂತು. ಆದರೆ ಸಜ್ಜಕ ಹೊಟ್ಟೆಗೆ ಹೋಗಿಬಿಟ್ಟಿತ್ತು. ಹಾಡಿದೆ.

ಸ್ವಲ್ಪ ದಿನ ಬಿಟ್ಟು ಅವಳು ಒಂದು ಗುಂಡಿ ಒತ್ತಿದಳು. ಕಂಪ್ಯೂಟರು ನನ್ನ ಹಾಡನ್ನು ತಾನೇ ಬಾರಿಸಿತು. ಬಳೆ ಅಂಗಡಿಯೊಳಗೆ ಬೆಕ್ಕು ಹೊಕ್ಕ ಹಾಗಿತ್ತು. ಮಾತಿಲ್ಲ, ಉಸಿರಿಲ್ಲ, ಬೀಗತಿಯ ಮುಖ ನೋಡಿ ಹುಬ್ಬು ಹಾರಿಸುವುದಂತೂ ಇಲ್ಲವೇ ಇಲ್ಲ. ಕನ್ನಡಕ ಏರಿಸಿ ಹತ್ತಿರ ಹೋದೆ. ಇರುವೆಗಳ ಕೆಳಗೆ ನನ್ನ ಮಾತನ್ನು ಸಣ್ಣಕ್ಷರದಲ್ಲಿ ಬಿಡಿಸಿ ಬರೆದಿದ್ದಳು, ನಡುವೆ ಅಡ್ಡಗೆರೆ ಹಾಕಿ: ಬೀ, ಗ, ತಿ.

"ಬೀಗತೀನ ಮೂರು ತುಂಡು ಮಾಡೀದಿ?"

"ಒಂದೊಂದು ಸ್ವರಕ್ಕ ಒಂದೊಂದು ಅಕ್ಷರ ಬರ್ಬೇಕ್ರಿ, ಅದಕ್ಕ."

ಅದೊಂದು ನನಗೆ ಸೇರಿತು. ಆದರೆ ಪ್ರತಿ ಸಾಲು ಮುಗಿದ ಮೇಲೆ ಇರುವೆಗಳಿಲ್ಲದ ಬಯಲು ಬರುತ್ತಿತ್ತು. ಅಲ್ಲಿ ಗೆರೆಗೆ ಜೋತುಬಿದ್ದ ಕಪ್ಪು ಇಟ್ಟಿಗೆಯಂಥದೊಂದು ಗುರುತು. ಒಂದಲ್ಲ, ಹಾಡಿನ ಉದ್ದಕ್ಕೂ.

"ಇವೇನು?"

"ಅದು ಸುಮ್ನಿರೋ ಗುರ್ತುರಿ. ಅಲ್ಲಿ ದನಿ ಇಲ್ಲ."

"ನಾ ಯಾವಾಗ ಸುಮ್ನಿದ್ದೆ?"

"ನನಗೂ ಆಶ್ಚರ್ಯ ಆತು ಅತ್ತಿ. ಆದ್ರ ಸುಮ್ನ ಇದ್ದೀರಿ, ಕೇಳ್ರಿ ಬೇಕಾದ್ರ."

ಫೋನಿನಲ್ಲಿ ಹಿಡಿದದ್ದನ್ನು ಹಾಕಿದಳು. ಹೌದು. ನಾನು ಒಂದು ಸಾಲು ಹಾಡುತ್ತೇನೆ, ಕೊನೆಯ ಅಕ್ಷರವನ್ನು ಉಸಿರು ತೀರುವವರೆಗೆ ಎಳೆಯುತ್ತೇನೆ, ಆಮೇಲೆ ಸದ್ದಿಲ್ಲ. ಪಡಸಾಲೆಯ ಮಗ್ಗ ಕೇಳಿಸುತ್ತದೆ, ಒಂದು ಕಾಗೆ ಕೇಳಿಸುತ್ತದೆ. ಮತ್ತೆ ನಾನು ಮುಂದಿನ ಸಾಲು ಎತ್ತುತ್ತೇನೆ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ, ನಮ್ಮ ಕಡೆಯವರಿಗೆ. ಬೀಗರ ಹಾಡು ಎಂದರೆ ಮದುವೆ ಮನೆಯಲ್ಲಿ ಗಂಡಿನ ಕಡೆಯ ಹೆಂಗಸರು ಹೆಣ್ಣಿನ ಕಡೆಯವರನ್ನು ಹಾಡಿನಲ್ಲೇ ಚುಚ್ಚುವುದು, ಅವರು ಹಾಡಿನಲ್ಲೇ ತಿರುಗಿ ಚುಚ್ಚುವುದು. ನಾನು ಗಂಡಿನ ತಾಯಿ. ನನ್ನ ಸಾಲು ನನ್ನದು. ಉತ್ತರದ ಸಾಲು ಬೀಗತಿಯದು, ಅಂದರೆ ಈ ಸೊಸೆಯ ತಾಯಿಯದು. ಅವಳು ಎದುರಿಗಿಲ್ಲದಿದ್ದರೂ ಅವಳ ಸಾಲಿನಷ್ಟು ಹೊತ್ತು ನಾನು ಕಾದೆ. ಮನಸ್ಸಿನಲ್ಲೇ ಅವಳು ಬೈದಿದ್ದನ್ನು ಕೇಳಿಸಿಕೊಂಡೆ. ಆಮೇಲೆ ನನ್ನ ಸಾಲಿಗೆ ಬಂದೆ. ಫೋನಿಗೆ ನನ್ನ ಮನಸ್ಸು ಕೇಳಿಸದಿದ್ದರೆ ಅದು ಫೋನಿನ ಕಿವುಡು.

ಮಾರನೆಯ ದಿನ ಗೋಡೆಯ ಆ ಕಡೆಯಿಂದ ಸೊಸೆ ಮೆಲ್ಲಗೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಮನೆಯಲ್ಲಿ ಮೆಲ್ಲಗೆ ಮಾತಾಡಿದರೆ ನನ್ನ ಕಿವಿ ತಾನಾಗಿ ದೊಡ್ಡದಾಗುತ್ತದೆ.

"ಹೌದ್ರಿ ಮೇಡಂ... ಅರ್ಧಾ ಖಾಲಿ ಐತಿ, ನಂಗೂ ಗೊತ್ತೈತ್ರಿ... ಉಳಿದ ಅರ್ಧಾ ಸಿಗವಲ್ದು..."

ಕಂಡಿಕೆ ಬಿಟ್ಟು ಎದ್ದೆ. "ಯಾವ ಅರ್ಧಾ? ನಾ ಎಲ್ಲಿ ಮುಚ್ಚಿಟ್ಟೀನಂತ ಹೇಳಾಕ ಹತ್ತೀದಿ ಆ ಹೈದರಾಬಾದಿನಾಕಿಗೆ?"

ಅವಳು ಫೋನು ಕೆಳಗಿಟ್ಟಳು. ಕಣ್ಣು ಕೆಂಪಗಿತ್ತು. ಉಳ್ಳಾಗಡ್ಡಿ ಹೆಚ್ಚಿರಬಹುದು ಎಂದು ಒಲೆಯ ಕಡೆ ನೋಡಿದೆ. ಉಳ್ಳಾಗಡ್ಡಿ ಇರಲಿಲ್ಲ.

ವಿಷಯ ಹೀಗಿತ್ತು. ಮದುವೆ ಹಾಡುಗಳ ಭಾಗಕ್ಕೆ ಈ ಹಾಡೇ ಮೊದಲು. ಬರೀ ಪ್ರಶ್ನೆ ಇದೆ, ಉತ್ತರವಿಲ್ಲ, ಗೆರೆಯೆಲ್ಲ ಖಾಲಿ, ಇಂಥ ಪುಟ ಅಚ್ಚಿಗೆ ಹೋಗದು ಎಂದು ಮೇಡಂ ಎರಡು ಸಲ ತಿರುಗಿ ಕಳಿಸಿದ್ದರು. ಹಾಡು ತುಂಬದಿದ್ದರೆ ಅದನ್ನು ಕಿತ್ತುಹಾಕಿ, ಮದುವೆಯ ಭಾಗವನ್ನೇ ಬೇರೆ ಯಾರಿಂದಲಾದರೂ ಮಾಡಿಸುತ್ತೇನೆ ಎಂದಿದ್ದರು. ಪೂರ್ತಿ ತನ್ನದು ಎಂದು ಸಿಕ್ಕ ಮೊದಲ ಪುಸ್ತಕ ಸೊಸೆಯ ಕೈಯಿಂದ ಜಾರುತ್ತಿತ್ತು.

"ಅತ್ತಿ, ನೀವ ಎರಡೂ ಕಡೆದು ಹಾಡಿಬಿಡ್ರಿ. ನಿಮಗ ಬರ್ತದಲ್ಲ."

"ಬರ್ತದ. ಬಂದ್ರ ಏನಾತು? ನನ್ನ ಬಾಯಿಲೆ ನನ್ನ ಬೈಕೊಳ್ಳಲೇನು? ಎರಡೂ ಕಡಿ ಹಾಡಿದಾಕಿ ಮನ್ಯಾಗ ಎರಡು ಒಲಿ ಹೂಡ್ತಾವ ಅಂತ ನಮ್ಮವ್ವ ಹೇಳ್ತಿದ್ಲು. ನಿನಗ ಬ್ಯಾರೆ ಒಲಿ ಬೇಕಾಗೇತೇನು?"

"ಅಯ್ಯ, ಇರೋ ಒಂದ ಒಲಿ ಸಾಕಾಗೇತ್ರಿ ನಂಗ!"

"ಹಂಗಾದ್ರ ನೀನ ಹಾಡು. ನೀ ಆ ಕಡೆಯಾಕಿ ಅಲ್ಲೇನು?"

"ನಾ ಹಾಡಿದ್ರ ನಾಳಿಗಿ ನೀವ ಅಂತೀರಿ, ನೋಡು, ಇನ್ನಾ ತವರುಮನಿ ಕಡೀನ ಅದಾಳ ಅಂತ."

ಅನ್ನುತ್ತಿದ್ದೆ, ಸುಳ್ಳಲ್ಲ. ಮದುಮಗಳು ಬೀಗರ ಹಾಡಿನಲ್ಲಿ ಬಾಯಿ ತೆರೆಯುವಂತಿಲ್ಲ. ಅವಳು ಎರಡೂ ಕಡೆಗೆ ಸೇರಿದವಳು, ಹಾಗಾಗಿ ಯಾವ ಕಡೆಯಿಂದಲೂ ಹಾಡುವುದಿಲ್ಲ. ಹಾಗಾದರೆ ಉಳಿದದ್ದು ಒಂದೇ ದಾರಿ, ಅದು ಗದ್ವಾಲಕ್ಕೆ ಹೋಗುವ ದಾರಿ. ಅಲ್ಲಿಗೆ ಬಂದು ನಿಂತಾಗ ನನ್ನ ಶಕ್ಕಿಗೆ ರೆಕ್ಕೆ ಬಂತು. ಸಜ್ಜಕದಿಂದ ಹಿಡಿದು ಕೆಂಪು ಕಣ್ಣಿನವರೆಗೆ ಇದೆಲ್ಲ ತನ್ನ ತಾಯಿಯನ್ನು ಪುಸ್ತಕದೊಳಗೆ ಸೇರಿಸುವ ಹಂಚಿಕೆಯೇ ಇರಬಹುದು. ಪುಸ್ತಕದಲ್ಲಿ ಬೀಗತಿ ನನಗೆ ಉತ್ತರ ಕೊಟ್ಟಳೆಂದರೆ ಅಲ್ಲಿಗೆ ಮುಗಿಯಿತು. ಮದುವೆಯ ಜಗಳವಾದರೆ ಊಟದೊಂದಿಗೆ ಮುಗಿಯುತ್ತದೆ. ಅಚ್ಚಾದ ಜಗಳ ಮುಗಿಯುವುದಿಲ್ಲ.

"ನಾನೂ ಬರ್ತೀನಿ" ಎಂದೆ. ಸೊಸೆ ಬೇಡವೆನ್ನುತ್ತಾಳೇನೋ ಎಂದು ಮುಖ ನೋಡಿದೆ. ಖುಷಿಪಟ್ಟಳು. ಅದಕ್ಕೂ ಶಕ್ ಬಂತು.

ಮಕ್ತಲ್‌ನಲ್ಲಿ ಬಸ್ಸು ಬದಲಿಸಬೇಕು. ಗದ್ವಾಲದ ಬಸ್ಸು ಬರುವುದರೊಳಗೆ ಸೊಸೆ ನಿಲ್ದಾಣದೆದುರಿನ ಝೆರಾಕ್ಸ್ ಅಂಗಡಿಗೆ ನಡೆದಳು. ತಾಯಿಗೆ ಪರದೆಯ ಮೇಲೆ ತೋರಿಸಿದರೆ ನಂಬಿಕೆ ಬರುವುದಿಲ್ಲ, ಕಾಗದವೇ ಬೇಕು ಎಂದಳು. ಅದೊಂದು ಗುಣ ಬೀಗತಿಯಲ್ಲಿ ನನ್ನ ಹಾಗೆಯೇ ಇದೆ. ಅಂಗಡಿಯವನು ಯಂತ್ರದಿಂದ ಹಾಳೆ ತೆಗೆದು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

"ಇದೇಂದಿ ಅವ್ವಾ? ಕರೆಂಟು ತೀಗಲ ಮೀದ ಪಿಟ್ಟಲಾ?"

ಕರೆಂಟಿನ ತಂತಿಯ ಮೇಲೆ ಕೂತ ಹಕ್ಕಿಗಳಾ ಎಂದು ತೆಲುಗಿನಲ್ಲಿ ಕೇಳುತ್ತಿದ್ದ. "ಹಕ್ಕಿ ಅಲ್ಲಪ್ಪಾ, ನನ್ನ ಬೀಗತಿ" ಎಂದೆ. ಅವನು ಇನ್ನೊಂದು ಸಲ ನೋಡಿ ಹಾಳೆಯನ್ನು ಬಹಳ ಮರ್ಯಾದೆಯಿಂದ ಕೊಟ್ಟ.

ಅಲ್ಲೇ ನಿಂತು ಹಾಳೆ ಪರೀಕ್ಷೆ ಮಾಡಿದೆ. ಹಿಂದಿನ ಸಲ ಐದು ಗೆರೆಯ ಒಂದೇ ಸಾಲಿತ್ತು. ಈಗ ಒಂದರ ಕೆಳಗೊಂದು, ಎರಡು ಸಾಲು. ಎಡಗಡೆ ಎರಡನ್ನೂ ಸೇರಿಸಿ ಬಳ್ಳಿಯಂಥ ಒಂದು ಬಾಗಿದ ಗೆರೆ. ಮೇಲಿನ ಸಾಲಿನಲ್ಲಿ ನಾನು. ಕೆಳಗಿನದು ಪೂರ್ತಿ ಖಾಲಿ.

"ಇದ್ಯಾಕ ಎರಡು?"

"ನೀವು ಸಾಲಿನ ಕಡೀಕ ದನಿ ಎಳೀತೀರಲ್ಲ ಅತ್ತಿ, ಅದು ಮುಗಿಯೋದ್ರಾಗ ಆ ಕಡೆಯವ್ರು ಎತ್ಕೋತಾರ. ಇಬ್ಬರ ದನಿ ಒಂದರ ಮ್ಯಾಲ ಒಂದು ಬೀಳ್ತದ. ಒಂದ ಗೆರ್ಯಾಗ ಹಾಕಿದ್ರ ಮಾತ್ರೆ ಹೆಚ್ಚಾಗಿ, ಇದು ಹೊಂದವಲ್ದು ಅಂತ ಕಂಪ್ಯೂಟರ್ ತಕರಾರು ಮಾಡ್ತದ. ಮೇಡಂನೂ ಕೇಳ್ಯಾರ, ನೀವು ಎಳೆಯೋ ದನಿ ಒಂದೊಂದು ಸಲ ಒಂದೊಂದು ಉದ್ದ ಯಾಕ ಅಂತ. ಅದು ಎಷ್ಟು ಉದ್ದರಿ, ಖರೇಂದು?"

"ಅವರಿಗಿ ನಾಚಿಕಿ ಬರೂತನಕ."

"ಅದನ್ನ ಹ್ಯಾಂಗ ಬರೀಲಿ ನಾ?"

ಅವಳ ಕಷ್ಟ ಮೊದಲ ಸಲ ಸ್ವಲ್ಪ ಅರ್ಥವಾಯಿತು. ಆದರೂ ಹಾಳೆಯನ್ನು ಅವಳ ಚೀಲಕ್ಕೆ ಕೊಡಲಿಲ್ಲ. ನನ್ನ ಚೀಲದಲ್ಲೇ ಇಟ್ಟುಕೊಂಡೆ. ಜೂರಾಲದ ಸೇತುವೆ ದಾಟುವಾಗ ಎಲ್ಲರೂ ನದಿ ನೋಡಿದರು, ನಾನು ಚೀಲ ನೋಡಿದೆ. ಗದ್ವಾಲ ಮುಟ್ಟುವುದರೊಳಗೆ ಮೇಲಿನ ಸಾಲು ಕೆಳಗಾಗಿಬಿಟ್ಟರೆ?

ಬೀಗತಿ ಬಾಗಿಲಲ್ಲೇ ನಿಂತಿದ್ದಳು. ಕಾಲಿಗೆ ನೀರು ಕೊಟ್ಟಳು, ಬೆಲ್ಲ ಕೊಟ್ಟಳು.

"ಬರ್ರಿ ಬೀಗತಿ. ಬಹಳ ಸೊರಗೀರಿ."

"ನಿಮ್ಮ ಮಗಳ ಕೈ ಅಡಗಿರಿ."

"ನಮ್ಮ ಮನ್ಯಾಗ ಇದ್ದಾಗ ಛಲೋ ಮಾಡ್ತಿದ್ಲು. ಯಾರ ಕೈಯಾಗ ಕೆಟ್ಲೋ!"

ಇಬ್ಬರಿಗೂ ಸಮಾಧಾನವಾಯಿತು. ಸೊಸೆ ಹಾಳೆ ಹಾಸಿ ವಿಷಯ ಹೇಳಿದಳು. ಉತ್ತರದ ಸಾಲು ಸಿಗದಿದ್ದರೆ ಪುಸ್ತಕ ಕೈಬಿಟ್ಟು ಹೋಗುತ್ತದೆ ಎಂದಳು. ಬೀಗತಿ ಮಗಳ ತಲೆ ಸವರಿದಳು. ಆದರೆ ಕಣ್ಣು ಮಾತ್ರ ಹಾಳೆಯ ಮೇಲೆಯೇ.

"ನಂದು ಯಾವುದು?"

"ಕೆಳಗಿನ ಸಾಲವ್ವಾ."

"ಕೆಳಗ್ಯಾಕ?"

"ಮೊದಲ ಹಾಡಿದವ್ರು ಮ್ಯಾಲ. ಅಷ್ಟ."

"ಅಷ್ಟ ಅಂತ. ನಿಮ್ಮತ್ತಿ ಬಸ್ಸಿನ್ಯಾಗ ಹೇಳಿಕೊಟ್ಟಾಳೇನು?"

ಶಕ್ ನನ್ನೊಬ್ಬಳ ಆಸ್ತಿಯಲ್ಲ ಎಂದು ತಿಳಿದು ನನಗೆ ಬೇಜಾರಾಯಿತು.

ಸೊಸೆ ಫೋನು ಹಿಡಿದು ತಾಯಿಯನ್ನು ಒಬ್ಬಳನ್ನೇ ಕೂರಿಸಿ ಹಾಡಿಸಲು ನೋಡಿದಳು. ಬೀಗತಿ ಗಂಟಲು ಸರಿಮಾಡಿಕೊಂಡಳು, ಸೆರಗು ಸರಿಮಾಡಿಕೊಂಡಳು, ಬಾಯಿ ತೆರೆದಳು. ಏನೂ ಬರಲಿಲ್ಲ.

"ಯಾರಿಗಂತ ಜಬಾಬು ಕೊಡ್ಲವ್ವಾ? ಈ ಗ್ಲಾಸಿನ ಡಬ್ಬಿ ನನಗೇನು ಅಂದೈತಿ?"

ಹಾಗಾದರೆ ಎಂದು ಸೊಸೆ ಇನ್ನೊಂದು ಉಪಾಯ ಮಾಡಿದಳು. ಫೋನಿನಲ್ಲಿದ್ದ ನನ್ನ ಹಾಡನ್ನು ಹಾಕಿದಳು, ನಾನು ನಿಲ್ಲಿಸಿದಲ್ಲಿ ತಾಯಿ ಎತ್ತಿಕೊಳ್ಳಬೇಕು. ನನ್ನ ಸಾಲು ಬಂತು. ಬೀಗತಿ ಎತ್ತಿಕೊಂಡಳು. ಆದರೆ ಅವಳು ಸಾಲಿನ ಕೊನೆಯನ್ನು ನಾಲ್ಕು ಜನ ಕೇಳಲಿ ಎಂದು ತಿರುಗಿಸಿ ತಿರುಗಿಸಿ ಹಾಡುವವಳು. ಫೋನಿನೊಳಗಿನ ನಾನು ಅಷ್ಟು ಕಾದಿರಲಿಲ್ಲ. ಅವಳ ಮಾತಿನ ಮೇಲೆಯೇ ನನ್ನ ಮುಂದಿನ ಸಾಲು ಬಿತ್ತು.

"ನೋಡ್ರಿ! ಡಬ್ಬ್ಯಾಗ ಹಾಕಿದ್ರೂ ನನ್ನ ಮಾತು ಮುಗಿಸಾಕ ಬಿಡವಲ್ಲಳು!"

"ಮನಸ್ಸಿನ್ಯಾಗ ನಿಮ್ಮ ಸಾಲು ಚಿಕ್ಕದಿತ್ತು ಬೀಗತಿ."

"ನಿಮ್ಮ ಮನಸ್ಸ ಚಿಕ್ಕದು, ಸಾಲಲ್ಲ!"

ಸೊಸೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಆಮೇಲೆ ಚಾಪೆ ಹಾಸಿ, ನನ್ನನ್ನು ಈ ಕಡೆ, ತಾಯಿಯನ್ನು ಆ ಕಡೆ ಕೂರಿಸಿ, ಫೋನನ್ನು ನಡುವೆ ಮಲಗಿಸಿದಳು. "ನಾ ಇಲ್ಲಿ ಇಲ್ಲಂತ ತಿಳ್ಕೊಂಡು ಜಗಳಾಡ್ರಿ" ಎಂದಳು.

ಮೊದಲ ಸಾಲು ನನ್ನದು. ಹಾಡಿದೆ:

"ಗದ್ವಾಲ ಬೀಗತಿ ಸಡಗರ ನೋಡ, ಹೋಳಿಗ್ಯಾಗ ಹೂರಣ ಮರತಾಳ ನೋಡ..."

ಎಳೆದೆ. ಅವಳು ಕಾಯಿಸಿದಳು. ಇನ್ನೂ ಎಳೆದೆ. ನನ್ನ ಉಸಿರು ತೀರಲಿ ಎಂದೇ ಕಾಯುತ್ತಿದ್ದಾಳೆ ಎಂದು ಗೊತ್ತಾಗಿ ಹಟದಿಂದ ಮತ್ತೂ ಎಳೆದೆ. ಕೊನೆಗೆ ಕತ್ತರಿಸಿದಳು:

"ಹೂರಣ ಮರತಿಲ್ಲ ಬೀಗತಿ ಕೇಳ, ಅಡಗಿ ಮನಿಗಿ ಮೊದಲ ಹೊಕ್ಕಾಕಿ ಯಾರ ಹೇಳ..."

ನೋಡಿದಿರಾ, ಇಂಥ ಸಾಲನ್ನು ನಾನೇ ನನ್ನ ಬಾಯಿಂದ ಹಾಡಬೇಕಿತ್ತಂತೆ. ಮದುವೆಯ ದಿನ ನಾನು ಅಡುಗೆ ಮನೆಗೆ ಹೋಗಿದ್ದು ನೀರು ಕುಡಿಯಲು.

ಗದ್ವಾಲದ ಸೀರೆಗೆ ಅಂಚು ಸೆರಗು ರೇಷ್ಮೆಯದು, ಮೈಯೆಲ್ಲ ಹತ್ತಿಯದು. ಅದನ್ನೇ ಹಿಡಿದು ತಿರುಗಿಸಿದೆ:

"ಮಾತಿನ ಅಂಚಿಗಿ ರೇಷ್ಮಿ ಹಚ್ಯಾಳ, ಒಳಗಿನ ನೂಲಿಗಿ ಗಂಜಿ ಮೆತ್ಯಾಳ..."

"ಗಂಜಿ ಮೆತ್ತಿದ್ರ ಮಡಿಕಿ ನಿಂತಾವ, ನಿಮ್ಮ ಸೀರಿ ನೀರಿಗಿ ಅಂಜಿ ಕುಂತಾವ..."

ನಮ್ಮ ನಾರಾಯಣಪೇಟೆ ಸೀರೆ ನೀರು ಕಂಡರೆ ಬಣ್ಣ ಬಿಡುತ್ತದಂತೆ! ಹೀಗೇ ಹೋಯಿತು. ಹಳೆಯವು ಮುಗಿದು ಆಗಿಂದಾಗ ಹುಟ್ಟಿದವು ಬಂದವು. ಇಬ್ಬರ ದನಿ ಒಂದರ ಮೇಲೊಂದು ಬಿತ್ತು, ಬಾಗಿಲಿಗೆ ಪಕ್ಕದ ಮನೆಯವರು ಬಂದು ನಿಂತರು. ಸೊಸೆ ಕಿವಿಗೆ ಇಯರ್‌ಫೋನಿನ ಬಿರಡೆ ತುರುಕಿಕೊಂಡು ಲ್ಯಾಪ್‌ಟಾಪಿನಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಲೇ ಇದ್ದಳು. ಅವಳ ಕೈ ತಾಯಿಯ ಸಾಲಿಗೆ ಹೆಚ್ಚು ಓಡುತ್ತದೋ ನನ್ನ ಸಾಲಿಗೋ ಎಂದು ಓರೆಗಣ್ಣಿನಲ್ಲಿ ನೋಡುತ್ತಲೇ ನಾನು ಹಾಡಿದೆ. ಆಗ ಬೀಗತಿ ನನ್ನ ಸಾಲೊಂದನ್ನು ಅರ್ಧಕ್ಕೇ ಕತ್ತರಿಸಿ ಎತ್ತಿದಳು:

"ಬೀಗತಿ ಫೋನಿನ್ಯಾಗ ಬರಿಯಾಕ ಕಲತಾಳ, ಪಡಸಾಲ್ಯಾಗ ಕುಂತು ಒಲಿಗಿ ಚೀಟಿ ಕಳಿಸ್ಯಾಳ, ಚಾ ಆತೇನಂತ ಕೇಳ್ಯಾಳ..."

ಕಳಿಸುತ್ತೇನೆ, ಹೌದು. ಹೊಸದಾಗಿ ಕಲಿತ ವಿದ್ಯೆ, ಎದ್ದು ಹೋಗಿ ಕೇಳುವುದಕ್ಕಿಂತ ಬೆರಳಲ್ಲಿ ಕೇಳಿದರೆ ಏನು ತಪ್ಪು? ಆದರೆ ಇದು ಗದ್ವಾಲಕ್ಕೆ ಹೇಗೆ ಮುಟ್ಟಿತು? ಸೊಸೆಯ ಕಡೆ ತಿರುಗಿದೆ. ಅವಳು ಲ್ಯಾಪ್‌ಟಾಪಿನ ಹಿಂದೆ ಮುಖ ಮುಚ್ಚಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ನನ್ನ ಶಕ್ಕುಗಳಲ್ಲಿ ಒಂದಾದರೂ ಖರೆಯಾಯಿತು. ಆಮೇಲೆ ಏನಾಯಿತೋ, ಬಾಗಿಲಲ್ಲಿ ನಿಂತವರೆಲ್ಲ ಸದ್ದು ಮಾಡಿದರು, ಬೀಗತಿ ಎದ್ದು ಒಳಗೆ ಹೋಗಿ ಚಹಾ ತಂದಳು. "ತಗೋರಿ, ಚೀಟಿ ಇಲ್ಲದೇನ ಬಂತು" ಎಂದಳು.

ನಾರಾಯಣಪೇಟೆಗೆ ಮರಳಿದ ಮೇಲೆ ಸೊಸೆ ಎರಡೂ ಸಾಲು ತುಂಬಿಸಿದಳು. ಎಳೆದ ದನಿಯ ತಲೆಯ ಮೇಲೆ ಒಂದು ಕಮಾನು, ಕಮಾನಿನೊಳಗೆ ಒಂದು ಚುಕ್ಕೆ. ಇಲ್ಲಿ ಮನಸ್ಸು ಬಂದಷ್ಟು ಹೊತ್ತು ನಿಲ್ಲಬಹುದು ಎನ್ನುವ ಗುರುತಂತೆ. ಹಾಗಾದರೆ ಇಂಥ ಗುರುತು ಮೊದಲೇ ಇತ್ತಲ್ಲ, ಇಷ್ಟು ದಿನ ಯಾಕೆ ಮುಚ್ಚಿಟ್ಟಿದ್ದಳು ಎಂದು ಕೇಳಿದೆ. "ಅದು ಇತ್ತುರಿ, ಕತ್ತರಸೋರು ಇರ್ಲಿಲ್ಲ" ಎಂದಳು.

ಪುಟ ಹೋಯಿತು. ಮೇಡಂ ಫೋನು ಮಾಡಿದಾಗ ನಾನು ಗೋಡೆಯ ಈ ಕಡೆ ಕೂರಲಿಲ್ಲ. ನೆಟ್ಟಗೆ ಒಳಗೆ ಹೋಗಿ ಮಂಚದ ಮೇಲೆ ಕೂತೆ, ದನಿ ದೊಡ್ಡದು ಮಾಡಿಸಿದೆ. ಹಾಡು ಈಗ ಹಾಡಿನ ಹಾಗಿದೆ, ಅಚ್ಚಿಗೆ ಹೋಗುತ್ತದೆ, ಮದುವೆಯ ಭಾಗವೂ ಉಳಿದದ್ದೂ ನೀವೇ ಕೂರಿಸಿ ಎಂದರು. ಸೊಸೆ ಫೋನು ಎದೆಗೆ ಒತ್ತಿಕೊಂಡಳು. ನಾನೂ ಮುಖ ಬೇರೆ ಕಡೆ ಮಾಡಿದೆ, ಯಾಕೆಂದರೆ ಅವತ್ತೂ ಮನೆಯಲ್ಲಿ ಉಳ್ಳಾಗಡ್ಡಿ ಯಾರೂ ಹೆಚ್ಚಿರಲಿಲ್ಲ.

ಆಮೇಲೆ ಕನ್ನಡಕ ಏರಿಸಿ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ನೋಡಿದೆ. ಮೇಲಿನ ಸಾಲು ನನ್ನದೇ, ಸರಿ. ಎಲ್ಲ ಸಾಲಿಗೂ ಸಾಲು ಕೂತಿದೆ, ಸರಿ. ಕೊನೆಗೆ ಬಂದಾಗ ಬೆರಳು ನಿಂತಿತು. ಅಲ್ಲಿ ಕೆಳಗೆ ಬೀಗತಿಯ ಚಹಾದ ಸಾಲು ಇರುವೆಗಳೊಂದಿಗೆ ಮೆರೆಯುತ್ತಿತ್ತು, ಮೇಲೆ ನನ್ನ ಗೆರೆ ಬೋಳು. ಅಲ್ಲಿಗೇ ಎರಡು ದಪ್ಪ ಗೀಟು ಎಳೆದು ಹಾಡು ಮುಗಿಸಿದ್ದಳು.

"ನಾ ಮೊದಲ ಅಂದಿದ್ನಿ, ಇದ್ರಾಗ ಏನೋ ಐತಿ ಅಂತ! ಕಡೀ ಮಾತು ನಿಮ್ಮವ್ವಂದ್ಯಾಕ? ನಂದೇನು ತಿಂದ್ಯಾ? ನಾ ಹಂಗ ಸುಮ್ನ ಬಿಡೋ ಹೆಂಗಸೇನು?"

ಸೊಸೆ ಲ್ಯಾಪ್‌ಟಾಪು ಮುಚ್ಚುತ್ತ ಹೇಳಿದಳು:

"ನಿಮ್ಮ ಪಾಳಿ ಬಂದಾಗ ನೀವು ಹೊಟ್ಟಿ ಹಿಡ್ಕೊಂಡು ನಕ್ಕೋತ ಕುಂತಿದ್ರಿ ಅತ್ತಿ. ನಗೂದು ಬರಿಯಾಕ ಇದ್ರಾಗ ಗುರ್ತಿಲ್ಲ."